ಮೂರನೇ ಸಾಲಿನ ನಗು

ಹೋದ ಚಳಿಗಾಲದಲ್ಲಿ ಪುತ್ತೂರಿನ ಕೆಲವು ಯುವಕರು ನನಗೊಂದು ಸನ್ಮಾನ ಮಾಡುವುದೆಂದು ನಿಶ್ಚಯಿಸಿದರು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಹಾಸ್ಯದ ಹಾಡು ಹೇಳಿಕೊಂಡು ಊರೂರು ತಿರುಗಿದವನಿಗೆ ವಯಸ್ಸಾದ ಮೇಲೆ ಅಷ್ಟು ಸಿಗುವುದು ಕ್ರಮ. ಕೇಳಲು ಮನೆಗೆ ಬಂದವರು ಒಂದು ಆಸೆಯನ್ನೂ ಹೇಳಿದರು. ಸನ್ಮಾನಕ್ಕೆ ಮೊದಲು ನಾನು ‘ಬಿಕ್ಕಳಿಕೆ ಭಾಗವತ’ವನ್ನು ಐದೇ ನಿಮಿಷ ಮಾಡಿ ತೋರಿಸಬೇಕು. ಕೊನೆಗೆ ನೀರು ತಂದುಕೊಡಲು ಹಿಂದೆ ತರುತ್ತಿದ್ದವರೇ ಬರಬೇಕು.

“ಅವರು ಇದ್ದಾರಲ್ವಾ, ಆ ನಗುವವರು?”

“ಇದ್ದಾನೆ. ಆಲಂಕಾರಿನಲ್ಲಿದ್ದಾನೆ” ಎಂದೆ.

“ಹಾಗಾದ್ರೆ ಆಯ್ತಲ್ಲ. ನಾವೇ ಕಾರು ಕಳಿಸ್ತೇವೆ.”

ಅವರು ಹೋದ ಮೇಲೂ ನಾನು ಕುರ್ಚಿಯಿಂದ ಏಳಲಿಲ್ಲ. ಚಾದ ಲೋಟ ತೆಗೆಯಲು ಬಂದ ಹೆಂಡತಿ, “ಎಂತ, ಸನ್ಮಾನ ಅಂದ ಕೂಡ್ಲೇ ಕಾಲು ಬಿದ್ದೋಯ್ತಾ?” ಎಂದು ಕೇಳಿದಳು. ಆ ಮನುಷ್ಯನ ಕೈಯಿಂದ ಇನ್ನೊಮ್ಮೆ ನೀರು ಕುಡಿಯುವ ಯೋಗ್ಯತೆ ನನಗಿಲ್ಲ ಎಂಬುದನ್ನು ನಾನು ಅವಳಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಗುವವನು ಎಂದರೆ ನನ್ನ ಸೋದರಮಾವನ ಹಿರಿಯ ಮಗ. ನಾವಿಬ್ಬರೂ ಒಂದೇ ವಯಸ್ಸಿನವರು, ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ನಮ್ಮ ಮನೆ ಬೆಳ್ಳಾರೆಯಿಂದ ಒಳಗೆ. ಹೈಸ್ಕೂಲಿಗೆ ದೂರವಾಗುತ್ತದೆಂದು ನನ್ನನ್ನು ಆಲಂಕಾರಿನ ಮಾವನ ಮನೆಯಲ್ಲಿ ಬಿಟ್ಟಿದ್ದರು. ಮೂರು ವರ್ಷ ಅಲ್ಲಿ ಉಂಡು ಓದಿದೆ. ನಾನು ಕಲಿತದ್ದು ಅಷ್ಟೇ. ಮನೆಗೆ ಬಂದು ಹೋಗುವವರ ಮಾತು, ನಡಿಗೆ, ಕೆಮ್ಮು ಎಲ್ಲವನ್ನೂ ಮಾಡಿ ತೋರಿಸುವ ಚಟ ನನಗೆ ಹತ್ತಿದ್ದು ಅಲ್ಲಿಯೇ. ನೋಡುವವರು ಅತ್ತೆ. ಅವರ ನಗುವಿಗೆ ಮೊದಲು ಶಬ್ದವೇ ಇರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ಆಮೇಲೆ ಕೊಡ ಮಗುಚಿದ ಹಾಗೆ ಒಮ್ಮೆಲೇ ಸುರಿಯುತ್ತಿತ್ತು. “ಸಾಕು ಮಾರಾಯ, ಸಾರು ಉಕ್ಕುತ್ತದೆ” ಎನ್ನುತ್ತಾ ಸೌಟನ್ನು ಕೆಳಗಿಟ್ಟು ನಗುತ್ತಿದ್ದರು. ಆ ನಗು ಹಾಗೆಯೇ ಭಾವನಿಗೆ ಬಂದಿತ್ತು. ಅವನ ತಮ್ಮನಿಗೆ ಬಂದಿರಲಿಲ್ಲ. ತಮ್ಮ ಆಗ ಚಿಕ್ಕವನು. ನನ್ನ ಹೆಗಲ ಮೇಲೆ ಕುಳಿತು ಗಂಭೀರವಾಗಿ ಎಲ್ಲವನ್ನೂ ನೋಡುತ್ತಿದ್ದ.

ಓದು ಮುಗಿದ ಮೇಲೆ ಪುತ್ತೂರಿನ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸಕ್ಕೆ ನಿಂತೆ. ಭಜನಾ ಮಂದಿರದ ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಆಡಿಸಿ ನುಡಿಸಲು ಕಲಿತೆ. ರಸಮಂಜರಿ ತಂಡದವರು ಚಾ ಕುಡಿಯುವ ಹದಿನೈದು ನಿಮಿಷ ಸ್ಟೇಜು ಖಾಲಿ ಬಿಡಬಾರದೆಂದು ನನ್ನನ್ನು ಹತ್ತಿಸುತ್ತಿದ್ದರು. ಮೊದಲ ಸಲ ಕಡಬದಲ್ಲಿ ಹತ್ತಿದೆ. ಸೀರೆ ಆರಿಸಲು ಬಂದ ಅತ್ತೆ ಸೊಸೆಯ ಜಗಳವನ್ನು ಸಂಗೀತ ಕಛೇರಿಯ ಹಾಗೆ ಹಾಡಿದೆ. ಅಂಗಡಿಯಲ್ಲಿ ಹಾಡಿದರೆ ಗಿರಾಕಿಗಳು ಗೋಡೆ ಹಿಡಿದುಕೊಂಡು ನಗುತ್ತಿದ್ದ ಹಾಡು ಅದು. ಕಡಬದಲ್ಲಿ ಒಂದು ಹಲ್ಲೂ ಕಾಣಿಸಲಿಲ್ಲ.

ನಮ್ಮ ಕಡೆಯ ಜನ ಸಭೆಯಲ್ಲಿ ಮೊದಲು ನಗುವುದಿಲ್ಲ. ಊಟದ ಪಂಕ್ತಿಯಲ್ಲಿ ಹಿರಿಯರು ಏಳದೆ ಯಾರೂ ಏಳದ ಹಾಗೆ, ಮುಂದೆ ಕುಳಿತ ಅಧ್ಯಕ್ಷರು ನಕ್ಕರಾ, ಹೆಡ್ಮಾಸ್ಟರು ನಕ್ಕರಾ ಎಂದು ನೋಡುತ್ತಾರೆ. ಅಧ್ಯಕ್ಷರೋ, ತಾವು ನಕ್ಕರೆ ಮರ್ಯಾದೆ ಹೋಗುತ್ತದೆಂದು ಬಿಗಿಯಾಗಿ ಕೂತಿರುತ್ತಾರೆ. ಹಾಸ್ಯಗಾರನ ಬೆವರು ಮಾತ್ರ ಇಳಿಯುತ್ತಿರುತ್ತದೆ. ಇದು ನನಗೆ ಗೊತ್ತಾದದ್ದು ಭಾವ ಸುಮ್ಮನೆ ನೋಡಲೆಂದು ಬೆಳ್ಳಾರೆಯ ಒಂದು ಕಾರ್ಯಕ್ರಮಕ್ಕೆ ಬಂದ ದಿನ. ಅವನು ನಕ್ಕ. ಅವನ ಪಕ್ಕದವನು ನಕ್ಕ. ಹತ್ತು ನಿಮಿಷದಲ್ಲಿ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಂದಿನಿಂದ ನಾನು ಹೋದಲ್ಲಿಗೆಲ್ಲ ಅವನೂ ಬಂದ. ಬೇರೆ ಬಸ್ಸಿನಲ್ಲಿ ಬರುತ್ತಿದ್ದ, ನನ್ನ ಗುರುತು ಇಲ್ಲದವನ ಹಾಗೆ ಕೂರುತ್ತಿದ್ದ. ಮೊದಲ ಸಾಲು ಹಾರ ಹಾಕಿಸಿಕೊಳ್ಳುವವರದು, ಅಲ್ಲಿ ಕೂರಬಾರದು. ಕೊನೆಯ ಸಾಲು ಕುಡಿದವರದು, ಅಲ್ಲಿಯ ನಗುವಿಗೆ ಬೆಲೆ ಇಲ್ಲ. ಮೂರನೇ ಸಾಲಿನ ತುದಿ ಅವನ ಜಾಗ. ತೋಟದ ಕೆಲಸ ಬಿಟ್ಟು ಬರುತ್ತಿದ್ದ. “ನಂಗೆ ನಗ್ಲಿಕ್ಕೆ ಎಂತ ಕಷ್ಟ ಮಾರಾಯ, ಬಂದದ್ದನ್ನು ಬಿಡುದು ಅಷ್ಟೇ” ಎನ್ನುತ್ತಿದ್ದ.

‘ಬಿಕ್ಕಳಿಕೆ ಭಾಗವತ’ ನಾವಿಬ್ಬರೂ ಸೇರಿ ಮಾಡಿದ್ದು. ಯಕ್ಷಗಾನದ ಭಾಗವತನೊಬ್ಬ ಹಾಡಲು ಕೂರುತ್ತಾನೆ. ಸರಿಯಾಗಿ ತಾಳ ಬೀಳುವ ಜಾಗದಲ್ಲಿ ಅವನಿಗೆ ಬಿಕ್ಕಳಿಕೆ ಬರುತ್ತದೆ. ಮುಚ್ಚಿಕೊಳ್ಳಲು ರಾಗ ಬದಲಿಸುತ್ತಾನೆ, ಬಿಕ್ಕಳಿಕೆಯೂ ಆ ರಾಗಕ್ಕೇ ಬರುತ್ತದೆ. ಕೊನೆಗೆ ಹಾಡಿನಲ್ಲೇ ನೀರು ಕೇಳುತ್ತಾನೆ. ಆಗ ಭಾವ ಮೂರನೇ ಸಾಲಿನಿಂದ ಎದ್ದು, ನಗು ತಡೆಯಲಾರದೆ ಓಲಾಡುತ್ತಾ, ತಾಮ್ರದ ಚೊಂಬಿನಲ್ಲಿ ನೀರು ತಂದು ನನ್ನ ಬಾಯಿಗೆ ಹಿಡಿಯುತ್ತಿದ್ದ. ಅವನು ಆಯಾ ಊರಿನವನೇ ಎಂದು ಜನ ತಿಳಿಯುತ್ತಿದ್ದರು. ಅಲ್ಲಿಗೆ ಸಭೆ ಪೂರ್ತಿ ನನ್ನದಾಗುತ್ತಿತ್ತು.

ಹೀಗೆ ಹನ್ನೊಂದು ವರ್ಷ ತಿರುಗಿದ ಮೇಲೆ ಮಂಗಳೂರಿನಿಂದ ಕ್ಯಾಸೆಟ್ಟು ಮಾಡುವವರೊಬ್ಬರು ಬರುತ್ತೇನೆಂದರು. ಸುಳ್ಯದ ಒಂದು ಸಭಾಭವನದಲ್ಲಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಕಾರ್ಯಕ್ರಮ. ಅವರು ಹೇಳಿದ್ದು ಇಷ್ಟು: “ಜನರ ನಗು ಸಮೇತ ರೆಕಾರ್ಡ್ ಮಾಡುದು. ನಗು ಬಂದ್ರೆ ಕ್ಯಾಸೆಟ್ಟು ಉಂಟು, ಇಲ್ಲದಿದ್ರೆ ಇಲ್ಲ.” ಹಿಂದಿನ ದಿನವೇ ಭಾವನನ್ನು ಸುಳ್ಯಕ್ಕೆ ಕರೆಸಿಕೊಂಡೆ. ಅತ್ತೆ ಒಂದೂವರೆ ತಿಂಗಳಿನಿಂದ ಮಲಗಿದಲ್ಲೇ ಇದ್ದರು. ಅವನಿಗೆ ಬರಲು ಮನಸ್ಸಿರಲಿಲ್ಲ. “ಅಮ್ಮನೇ ಹೋಗು ಹೇಳಿದ್ರು, ಹಾಗೆ ಬಂದೆ” ಎಂದ.

ಎರಡು ಗಂಟೆ ಮೂವತ್ತೈದು ನಿಮಿಷಕ್ಕೆ, ನಾನು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ, ಪಕ್ಕದ ಟೆಲಿಫೋನ್ ಬೂತಿನವರು ಒಳಗೆ ಬಂದರು. ಒಂದು ಚೀಟಿ ಕೊಟ್ಟು, “ಆಲಂಕಾರಿನಿಂದ ಫೋನು. ನಿಮ್ಮ ಭಾವನಿಗೆ ಅಂತೆ, ಕೂಡ್ಲೇ ಕೊಡಿ” ಎಂದರು. ಚೀಟಿಯಲ್ಲಿ ಬರೆದಿತ್ತು: ತಾಯಿಗೆ ಜೋರು ಉಂಟು. ಅಣ್ಣನನ್ನು ಕೇಳುತ್ತಾರೆ. ಈಗಲೇ ಹೊರಟು ಬರಲಿ.

ಜೀಪು ಮಾಡಿದರೆ ಒಂದೂವರೆ ಗಂಟೆಯ ದಾರಿ. ಭಾವ ಹೊರಗೆ ಗೂಡಂಗಡಿಯಲ್ಲಿ ಚಾ ಕುಡಿಯುತ್ತಿದ್ದ, ನಾನಿದ್ದಲ್ಲಿಂದ ಕಾಣಿಸುತ್ತಿದ್ದ. ಕರೆದರೆ ಕೇಳುವಷ್ಟು ಹತ್ತಿರ. ಇದಕ್ಕೆ ಮೊದಲು ಎರಡು ಸಲ ಅತ್ತೆಗೆ ಹೀಗೇ ಕಾಯಿಲೆ ಜೋರಾಗಿ, ಎರಡು ಸಲವೂ ಮರುದಿನ ಎದ್ದು ಕೂತು ಗಂಜಿ ಕುಡಿದಿದ್ದರು. ಈ ಸಲವೂ ಹಾಗೆಯೇ ಆಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡೆ ಅಷ್ಟೇ, ನಂಬಿರಲಿಲ್ಲ. ನಂಬಿದ್ದರೆ ಚೀಟಿಯನ್ನು ಅವನಿಗೆ ತೋರಿಸಿಯೇ ಹಾಗೆ ಹೇಳುತ್ತಿದ್ದೆ. ನಾನು ಅದನ್ನು ಮಡಚಿ ಒಳಗಿನ ಅಂಗಿಯ ಕಿಸೆಗೆ ಹಾಕಿದೆ.

ಭಾವ ಅಷ್ಟು ಚೆನ್ನಾಗಿ ಎಂದೂ ನಕ್ಕಿರಲಿಲ್ಲ. ನನ್ನ ಕ್ಯಾಸೆಟ್ಟು ಆಗಲಿ ಎಂದು ಜೀವ ಬಿಟ್ಟು ನಕ್ಕ. ಬಿಕ್ಕಳಿಕೆಯ ಭಾಗ ಬಂದಾಗ ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಐದಕ್ಕೆ ಹತ್ತು ನಿಮಿಷ. ಅವನು ಚೊಂಬು ಹಿಡಿದು ಮೆಟ್ಟಿಲು ಹತ್ತಿದ, ಅರ್ಧ ನೀರು ನೆಲಕ್ಕೆ ಚೆಲ್ಲಿತು, ಉಳಿದ ಅರ್ಧವನ್ನು ನಾನು ಅವನ ಕೈಯಿಂದ ಕುಡಿದೆ. ಸಭಾಭವನ ಬಿದ್ದುಹೋಗುವ ಹಾಗೆ ಜನ ನಕ್ಕರು.

ಐದೂವರೆಗೆ ಮುಗಿಯಿತು. ಆಮೇಲೆ ಅವನನ್ನು ಕರೆದು, “ಈಗ ಫೋನು ಬಂದದ್ದು ಭಾವ, ಹೊರಡುವ” ಎಂದೆ.

ಜೀಪಿನಲ್ಲಿ ಅವನ ಜೊತೆ ನಾನೂ ಹೋದೆ. ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಅತ್ತೆಯನ್ನು ಚಾವಡಿಯಲ್ಲಿ ಮಲಗಿಸಿ ತಲೆಯ ಬಳಿ ದೀಪ ಇಟ್ಟಿದ್ದರು. ಐದು ಗಂಟೆ ಆಗುವ ಮೊದಲೇ ಹೋಗಿದ್ದರು. ಬಾಗಿಲ ಕಡೆಗೇ ನೋಡುತ್ತಿದ್ದರಂತೆ. ಕೊನೆಯ ಹೊತ್ತಿಗೆ ಹಿರಿಯ ಮಗ ಬಾಯಿಗೆ ನೀರು ಬಿಡಬೇಕು. ಅವನಿಲ್ಲದೆ ತಮ್ಮ ಬಿಟ್ಟಿದ್ದ.

ಭಾವ ಅಳಲಿಲ್ಲ. ತಮ್ಮನ ಎದುರು ನಿಂತು, “ಇಷ್ಟು ತಡವಾಗಿ ಎಂತಕ್ಕೆ ತಿಳಿಸಿದ್ದು?” ಎಂದು ಕೇಳಿದ.

“ತಡ ಎಲ್ಲಿ ಅಣ್ಣ? ಎರಡೂವರೆಗೆ ಪೇಟೆವರೆಗೆ ಓಡಿ ಹೋಗಿ ಫೋನ್ ಮಾಡಿದ್ದೇನೆ.”

“ಐದೂವರೆಗೆ ಬಂದದ್ದು. ಅಮ್ಮನ ಎದುರು ಸುಳ್ಳು ಹೇಳ್ಬೇಡ.”

“ನಾನು ಎಂತಕ್ಕೆ ಸುಳ್ಳು ಹೇಳುದು?”

“ಎಂತಕ್ಕೆ ಅಂತ ನಿಂಗೇ ಗೊತ್ತು.”

ಮಾವ ತೀರಿಕೊಂಡ ಮೇಲೆ ತೋಟ ಪಾಲು ಮಾಡುವ ಮಾತು ಆ ಮನೆಯಲ್ಲಿ ಆಗಲೇ ಎದ್ದಿತ್ತು. ತಾಯಿಯ ಹತ್ತಿರ ತಾನೊಬ್ಬನೇ ಇರಬೇಕೆಂದು ತಮ್ಮ ತಡ ಮಾಡಿದ ಎಂಬುದು ಭಾವನ ಮಾತಿನ ಅರ್ಥ. ಅಂಗಳದಲ್ಲಿದ್ದ ಎಲ್ಲರಿಗೂ ಅದು ತಿಳಿಯಿತು. ತಮ್ಮನ ಮುಖ ಬಿಳಿಚಿಕೊಂಡಿತು. ಭಾವ ನನ್ನ ಕಡೆಗೆ ತಿರುಗಿ, “ನೀನೇ ಹೇಳು. ಯಾವಾಗ ಬಂದದ್ದು?” ಎಂದ.

ಅಲ್ಲಿ ಹೇಳಬಹುದಿತ್ತು. ಅವನು ನನ್ನ ಕೆನ್ನೆಗೆ ಹೊಡೆಯುತ್ತಿದ್ದ, ಊರಿಡೀ ಉಗಿಯುತ್ತಿತ್ತು, ಅಷ್ಟಕ್ಕೆ ಮುಗಿಯುತ್ತಿತ್ತು. ಅತ್ತೆ ಅಲ್ಲೇ ಮಲಗಿದ್ದರು. ಮೂರು ವರ್ಷ ನನಗೆ ಅನ್ನ ಬಡಿಸಿದ ಕೈ ಎದೆಯ ಮೇಲಿತ್ತು. ನಾನು ಹೇಳಿದೆ: “ಪ್ರೋಗ್ರಾಮು ಮುಗಿದ ಮೇಲೆ ಬಂದದ್ದು.”

ಚೀಟಿ ತಡೆದದ್ದಕ್ಕಿಂತ ಆ ಒಂದು ಮಾತು ದೊಡ್ಡ ಪಾಪವೆಂದು ಈಗ ನನಗೆ ಅನಿಸುತ್ತದೆ. ತಡೆದದ್ದು ಆಸೆಯಿಂದ. ಇದು ಹೆದರಿಕೆಯಿಂದ, ಇನ್ನೊಬ್ಬನ ತಲೆಗೆ ಕಟ್ಟಿ.

ಹದಿಮೂರು ದಿನ ಕಳೆದ ಮೇಲೆ ತಮ್ಮ ಸುಳ್ಯಕ್ಕೆ ಹೋಗಿ ಬೂತಿನವರನ್ನು ಕೇಳಿಕೊಂಡು ಬಂದ. ಫೋನು ಬಂದ ಕೂಡಲೇ ಚೀಟಿಯನ್ನು ನನ್ನ ಕೈಗೆ ಕೊಟ್ಟದ್ದಾಗಿ ಅವರು ಇದ್ದದ್ದನ್ನೇ ಹೇಳಿದ್ದರು. ಮನೆಗೆ ಬಂದು ಹೇಳಿದರೆ ಅಣ್ಣ, “ಬೂತಿನವನಿಗೂ ಪಾಠ ಮಾಡಿ ಬಂದ್ಯಾ?” ಎಂದನಂತೆ. ಒಂದೇ ವರ್ಷದಲ್ಲಿ ಪಾಲಾಯಿತು. ತಮ್ಮ ತನ್ನ ಪಾಲನ್ನು ಮಾರಿ ಕಡಬದ ಹತ್ತಿರ ಜಾಗ ಮಾಡಿಕೊಂಡು ಹೋದ. ಆಮೇಲೆ ಅಣ್ಣತಮ್ಮಂದಿರು ಮಾತಾಡಲಿಲ್ಲ. ಮಕ್ಕಳ ಮದುವೆಗೂ ಕರೆಯಲಿಲ್ಲ. ತಾಯಿಯ ತಿಥಿಯನ್ನು ಒಂದೇ ದಿನ ಎರಡು ಮನೆಯಲ್ಲಿ ಮಾಡಿದರು. ಎರಡು ಮನೆಗೂ ನಾನು ಊಟಕ್ಕೆ ಹೋದದ್ದುಂಟು. ತಮ್ಮ ಎಲೆಗೆ ಬಡಿಸುತ್ತಿದ್ದ, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ.

ಕ್ಯಾಸೆಟ್ಟು ಬಂತು. ಚೆನ್ನಾಗಿ ಹೋಯಿತು. ಪುತ್ತೂರು ಸುಳ್ಯದ ಬಸ್ಸುಗಳಲ್ಲಿ ಹಾಕುತ್ತಿದ್ದರು. ಕ್ಷೌರದಂಗಡಿಯಲ್ಲಿ ಕತ್ತಿ ಕುತ್ತಿಗೆಯ ಮೇಲಿರುವಾಗ ಹಾಕುತ್ತಿದ್ದರು. ಅದರಿಂದ ನನಗೆ ಇನ್ನಷ್ಟು ಕಾರ್ಯಕ್ರಮ ಸಿಕ್ಕಿತು, ಮುಂಬಯಿಗೂ ಒಮ್ಮೆ ಹೋಗಿ ಬಂದೆ. ಜನರಿಗೆ ಅದರಲ್ಲಿ ನನ್ನ ಹಾಡು ಕೇಳಿಸುತ್ತಿತ್ತು. ನನಗೆ ಕೇಳಿಸುತ್ತಿದ್ದದ್ದು ಮೂರನೇ ಸಾಲಿನ ನಗು ಒಂದೇ. ಎಷ್ಟೋ ಸಲ ಟಿಕೇಟು ತೆಗೆದಾದ ಮೇಲೂ ಬಸ್ಸಿನಿಂದ ಇಳಿದುಬಿಟ್ಟಿದ್ದೇನೆ. ಭಾವ ಮತ್ತೆ ಕಾರ್ಯಕ್ರಮಕ್ಕೆ ಬರಲಿಲ್ಲ, ನಾನೂ ಕರೆಯಲಿಲ್ಲ. ನಗಲು ಬೇರೆಯವರನ್ನು ಕೂರಿಸಿ ನೋಡಿದೆ, ಆಗಲಿಲ್ಲ. ಆಮೇಲೆ ಟೀವಿಯಲ್ಲಿ ಹೊಸ ಹುಡುಗರು ಬಂದರು. ನಾನು ಬಟ್ಟೆ ಅಳೆಯುತ್ತಾ ಉಳಿದೆ. ಕೊನೆಗೆ ಅದೂ ಬಿಟ್ಟೆ, ನಿಂತರೆ ಮಂಡಿ ತಡೆಯುತ್ತಿರಲಿಲ್ಲ.

ಸನ್ಮಾನಕ್ಕೆ ಹತ್ತು ದಿನ ಇರುವಾಗ ನಾನು ಆಲಂಕಾರಿಗೆ ಹೋದೆ. ಯುವಕರು ಭಾವನಿಗೆ ಆಗಲೇ ಸುದ್ದಿ ಮುಟ್ಟಿಸಿದ್ದರು. ಅವನು ಜಗಲಿಯಲ್ಲಿ ಕಾಯುತ್ತಿದ್ದ. ಹಳೆಯ ತಾಮ್ರದ ಚೊಂಬನ್ನು ಹುಣಸೆಹುಳಿ ಹಾಕಿ ತಿಕ್ಕಿ ಬಿಸಿಲಿಗೆ ಇಟ್ಟಿದ್ದ.

“ಬಾ ಭಾವ. ದಿನಾ ಪ್ರಾಕ್ಟೀಸು ಮಾಡ್ತಿದ್ದೇನೆ. ಹಲ್ಲಿನ ಸೆಟ್ಟು ಜಾರ್ತದೆ ಮಾರಾಯ, ನಗುವಾಗ ಒಂದು ಕೈ ಬಾಯಿಗೆ ಇಟ್ಕೊಳ್ಬೇಕು. ಸೊಸೆಗೆ ಅದೇ ದೊಡ್ಡ ತಮಾಷೆ.”

ಅವನ ಮೊಮ್ಮಗಳು ಕ್ಯಾಸೆಟ್ಟನ್ನು ಮೊಬೈಲಿಗೆ ಹಾಕಿಕೊಟ್ಟಿದ್ದಳಂತೆ. ನನ್ನನ್ನು ಕೂರಿಸಿ ಹಾಕಿದ. ನನ್ನ ಎಳೆಯ ಕಂಠ, ಹಾರ್ಮೋನಿಯಂ, ಬಿಕ್ಕಳಿಕೆ. ಆಮೇಲೆ ಆ ನಗು.

“ನೋಡು, ಅಮ್ಮ ನಕ್ಕ ಹಾಗೇ ಅಲ್ವಾ?” ಎಂದ.

ಇನ್ನು ಆಗುವುದಿಲ್ಲ ಎನಿಸಿತು. “ಭಾವ, ಅದನ್ನು ನಿಲ್ಲಿಸು. ಆ ಚೀಟಿ ನಂಗೆ ಎರಡು ಮೂವತ್ತೈದಕ್ಕೆ ಸಿಕ್ಕಿತ್ತು” ಎಂದೆ.

ಅವನಿಗೆ ಅರ್ಥವಾಗಲಿಲ್ಲ. “ಯಾವ ಚೀಟಿ?”

“ಅತ್ತೆಗೆ ಜೋರು ಅಂತ ಬಂದದ್ದು. ಪ್ರೋಗ್ರಾಮಿಗೆ ಮೊದ್ಲೇ ಬಂದಿತ್ತು. ನೀನು ಹೋದ್ರೆ ಕ್ಯಾಸೆಟ್ಟು ಆಗುದಿಲ್ಲ ಅಂತ ಕಿಸೆಗೆ ಹಾಕಿದೆ. ನಿನ್ನ ತಮ್ಮ ಹೇಳಿದ್ದೇ ನಿಜ.”

ಮೊಬೈಲು ಇನ್ನೂ ನಗುತ್ತಿತ್ತು. ಅವನು ಅದನ್ನು ಒತ್ತಿ ನಿಲ್ಲಿಸಲು ನೋಡಿದ, ಬೆರಳು ಸರಿಯಾದ ಜಾಗಕ್ಕೆ ಹೋಗಲಿಲ್ಲ. ಕೊನೆಗೆ ದಿಂಬಿನ ಅಡಿಗೆ ತುರುಕಿದ.

“ಪುನಃ ಹೇಳು” ಎಂದ.

ಪುನಃ ಹೇಳಿದೆ. ಅವನು ನನ್ನನ್ನೇ ನೋಡುತ್ತಾ ಕೇಳಿದ. ಬೈಯಲಿಲ್ಲ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ.

“ನಡಿ.”

“ಎಲ್ಲಿಗೆ?”

“ಅವನ ಮನೆಗೆ. ನಾನು ಹೋಗಿ ಹೇಳಿದ್ರೆ ಎಂತ ಆಗ್ತದೆ? ಅವನ ಎದುರು ನೀನೇ ಹೇಳ್ಬೇಕು. ಅಲ್ಲಿವರೆಗೆ ನನ್ನತ್ರ ಮಾತಾಡ್ಬೇಡ.”

ಕಡಬದ ಬಸ್ಸಿನಲ್ಲಿ ಅವನು ಮುಂದೆ ಕುಳಿತ. ನಾನು ಹಿಂದೆ ಕುಳಿತು ಅವನ ಕುತ್ತಿಗೆ ನೋಡುತ್ತಿದ್ದೆ. ಮುದುಕನ ಕುತ್ತಿಗೆ. ಇಳಿದ ಮೇಲೆ ದಾರಿಯನ್ನು ನಾನು ತೋರಿಸಬೇಕಾಯಿತು. ತಮ್ಮನ ಮನೆ ಅವನಿಗೆ ಗೊತ್ತಿರಲಿಲ್ಲ.

ತಮ್ಮ ಅಂಗಳದಲ್ಲಿ ಕುಳಿತು ನೀರಿನ ಪೈಪಿನ ತೂತಿಗೆ ರಬ್ಬರು ಸುತ್ತುತ್ತಿದ್ದ. ಗೇಟಿನ ಶಬ್ದಕ್ಕೆ ತಲೆ ಎತ್ತಿದ. ಅಣ್ಣನನ್ನು ನೋಡಿ ಎದ್ದು ನಿಂತ.

“ಇವ ಎಂತದೋ ಹೇಳ್ತಾನೆ, ಕೇಳು” ಎಂದ ಭಾವ.

ನಾನು ಹೇಳಿದೆ. ಬಿಸಿಲಿನಲ್ಲಿ ನಿಂತೇ ಹೇಳಿದೆ. ತಮ್ಮ ಪೈಪನ್ನು ಕೈಯಿಂದ ಬಿಟ್ಟಿರಲಿಲ್ಲ.

“ಇದು ನಂಗೆ ಗೊತ್ತಿತ್ತು ಭಾವ” ಎಂದ. “ಗೊತ್ತಿಲ್ಲದವ ಅಣ್ಣ ಒಬ್ಬನೇ.”

“ನೀನು ಹೇಳಿದ್ದೆ” ಎಂದ ಅಣ್ಣ.

“ಹೇಳಿದ್ದೆ.”

“ನಾನು ಕೇಳ್ಲಿಲ್ಲ.”

“ಇಲ್ಲ.”

ಆಮೇಲೆ ಭಾವ, ಬರುವಾಗಲೇ ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ ಕೇಳಿದ: “ಅಮ್ಮನಿಗೆ ನೀರು ಇಳಿಯಿತಾ?”

“ಒಂದು ಚಮಚ ಇಳಿಯಿತು” ಎಂದ ತಮ್ಮ. “ಆಮೇಲೆ ನಿನ್ನ ಹೆಸರು ಹೇಳಿ ಇನ್ನೊಂದು ಬಿಟ್ಟೆ. ‘ಇದು ಅಣ್ಣ ಬಿಡುದು ಅಮ್ಮ’ ಅಂತ ಹೇಳಿದೆ. ಅದೂ ಇಳಿಯಿತು. ಆಮೇಲೆ ಹೋದ್ರು. ನಿಂಗೆ ಅವತ್ತೇ ಹೇಳುವ ಅಂತ ಇದ್ದೆ.”

ಭಾವ ಜಗಲಿಯ ಕಟ್ಟೆಯಲ್ಲಿ ಕುಳಿತುಬಿಟ್ಟ. ಹೆಗಲು ಕುಣಿಯಲು ಶುರುವಾಯಿತು. ಮೊದಲು ಶಬ್ದವೇ ಇರಲಿಲ್ಲ. ನಾನು ಆ ಹೆಗಲನ್ನು ಸಾವಿರ ಸಲ ಸ್ಟೇಜಿನಿಂದ ನೋಡಿದವನು. ಅದು ಅಳುವಾಗಲೂ ಹಾಗೆಯೇ ಕುಣಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೂವತ್ತು ವರ್ಷ ಆ ಎರಡನೇ ಚಮಚದ ಸುದ್ದಿ ತಮ್ಮನ ಹತ್ತಿರವೇ ಉಳಿದಿತ್ತು. ಹೇಳಲು ಬಂದವನನ್ನು ಅಂಗಳದಲ್ಲೇ ಸುಳ್ಳುಗಾರನನ್ನಾಗಿ ಮಾಡಿದವನು ನಾನು. ಚೀಟಿಯೊಂದನ್ನು ತಡೆದೆ ಎಂದುಕೊಂಡಿದ್ದೆ. ಇದನ್ನೂ ತಡೆದಿದ್ದೆ.

ತಮ್ಮ ಒಳಗಿನಿಂದ ಬೆಲ್ಲ, ನೀರು ತಂದ. ಅಣ್ಣನ ಪಕ್ಕದಲ್ಲಿಟ್ಟ. ಇನ್ನೊಂದು ಲೋಟವನ್ನು ನನ್ನ ಎದುರು ಹಿಡಿದು, ಆಗಲೂ ನನ್ನ ಮುಖ ನೋಡದೆ, “ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸುದು ಅಮ್ಮನ ಕಾಲದಲ್ಲಿ ಇರ್ಲಿಲ್ಲ. ಕುಡ್ದು ಹೋಗಿ. ನಿಮ್ಮ ಹತ್ರ ಮಾತಾಡ್ಲಿಕ್ಕೆ ನಂಗೆ ಎಂತದೂ ಇಲ್ಲ” ಎಂದ.

ಕುಡಿದೆ. ಲೋಟ ಕೆಳಗಿಟ್ಟೆ. ಭಾವ ತಲೆ ಎತ್ತಲಿಲ್ಲ. ನನ್ನ ಜೊತೆ ಹೊರಡುವ ಹಾಗೂ ಕಾಣಲಿಲ್ಲ. ಗೇಟು ದಾಟುವಾಗ ಹಿಂದಿನಿಂದ ತಮ್ಮನ ದನಿ ಕೇಳಿತು: “ಊಟ ಮಾಡಿ ಹೋಗು ಅಣ್ಣ, ಪದಾರ್ಥ ಎಂತ ಇಲ್ಲ, ಬರೇ ಸಾರು.”

ಸಂಜೆ ಪುತ್ತೂರಿನ ಯುವಕರಿಗೆ ಫೋನ್ ಮಾಡಿ ಸನ್ಮಾನ ಬೇಡ ಎಂದೆ. ಯಾಕೆಂದು ಕೇಳಿದರು. “ಗಂಟಲು ಸರಿ ಇಲ್ಲ” ಎಂದೆ. ಫೋನ್ ಇಟ್ಟ ಮೇಲೆ ನೆನಪಾಯಿತು, ಗಂಟಲಿಗೆ ಏನೂ ಆಗಿಲ್ಲ. ಅಷ್ಟೆಲ್ಲ ಆದ ದಿನವೂ ನನ್ನ ಬಾಯಿಗೆ ಬಂದದ್ದು ಸುಳ್ಳೇ. ಅದನ್ನಾದರೂ ಮೂವತ್ತು ವರ್ಷ ಇಟ್ಟುಕೊಳ್ಳುವುದು ಬೇಡವೆಂದು ಇದಿಷ್ಟನ್ನೂ ಬರೆದೆ. ಆ ಯುವಕರೂ ಓದಲಿ.